ಹನ್ನೊಂದನೆಯ ಪಂಜರದ ತಾಯಿ

ವಾರಿಜಾಕ್ಷಿಯವರು ಮೂವತ್ತು ವರ್ಷ ಇಲಿಗಳ ದೇಹವನ್ನು ಅಭ್ಯಾಸ ಮಾಡಿದವರು. ಅವರ ಪ್ರಯೋಗಾಲಯಕ್ಕೆ ಇಂದುಧರ ಎಂಬವನು ಶಿಷ್ಯನಾಗಿ ಬಂದ.

ಅಲ್ಲಿ ಪಂಜರಗಳಿಗೆ ಸಂಖ್ಯೆ ಮಾತ್ರ ಇತ್ತು. ಯಾವ ಇಲಿಯ ಜೀನಿನಲ್ಲಿ ಏನು ಬದಲಾಯಿಸಿದೆ ಎಂಬುದು ಗುರುವಿಗಷ್ಟೇ ಗೊತ್ತು. ಕಂಡದ್ದನ್ನು ಬರೆದಿಡುವುದು ಶಿಷ್ಯನ ಕೆಲಸ.

ಹನ್ನೊಂದನೆಯ ಪಂಜರದ ಇಲಿ ಹಿಂದಿನ ದಿನ ಏಳು ಮರಿ ಹಾಕಿತ್ತು. ಬೆಳಗಾಗುವಷ್ಟರಲ್ಲಿ ಎರಡು ಸತ್ತಿದ್ದವು. ಇಂದುಧರ ಉಳಿದ ಐದರ ಹೊಟ್ಟೆ ನೋಡಿದ. ಎಳೆ ಮರಿಯ ಚರ್ಮ ತೆಳು. ಕುಡಿದ ಹಾಲು ಹೊರಗಿನಿಂದಲೇ ಬೆಳ್ಳಗೆ ಕಾಣುತ್ತದೆ. ಇವುಗಳಲ್ಲಿ ಬಿಳುಪಿರಲಿಲ್ಲ.

ಅವನು ಪುಸ್ತಕದಲ್ಲಿ ಬರೆದ: "ತಾಯಿ ಮರಿಗಳನ್ನು ನೋಡಿಕೊಳ್ಳುತ್ತಿಲ್ಲ."

ಗುರು ಅದನ್ನು ಓದಿದರು. "ಎಷ್ಟು ಹೊತ್ತು ನೋಡಿದೆ?"

"ಮರಿಗಳ ಹೊಟ್ಟೆ ನೋಡಿದೆ, ಮೇಡಂ."

"ತಾಯಿಯನ್ನು?"

ವಾರಿಜಾಕ್ಷಿ ಒಂದು ಸ್ಟೂಲು ಎಳೆದು ಪಂಜರದ ಮುಂದಿಟ್ಟರು.

"ಅರ್ಧ ಗಂಟೆ ಕೂತು ನೋಡು."

ಅವನು ಕೂತ. ಮರಿಯೊಂದು ಹೊರಳಿ ಗೂಡಿನಾಚೆ ಬಿತ್ತು. ತಾಯಿ ಎದ್ದು ಬಂದು ಅದನ್ನು ಬಾಯಲ್ಲಿ ಕಚ್ಚಿಕೊಂಡು ಒಳಗೆ ತಂದಿತು. ಐದನ್ನೂ ನೆಕ್ಕಿತು. ಬೆನ್ನು ಬಾಗಿಸಿ ಅವುಗಳ ಮೇಲೆ ಕೂತಿತು. ಮರಿಗಳು ಮೊಲೆ ಹಿಡಿದು ಚೀಪಿದವು, ಬಿಟ್ಟವು, ಮತ್ತೆ ಹಿಡಿದವು.

"ಮೇಡಂ, ತಾಯಿ ಎಲ್ಲ ಮಾಡುತ್ತಿದೆ. ಹಾಲೇ ಇಲ್ಲವೇನೋ."

"ಹಾಲು ತುಂಬಿದೆ."

"ಮತ್ತೆ?"

"ಮರಿ ಚೀಪಿದಾಗ ತಾಯಿಯ ಮಿದುಳು ರಕ್ತದಲ್ಲಿ ಒಂದು ಸಂದೇಶ ಕಳಿಸುತ್ತದೆ. ಅದನ್ನು ಹಿಡಿದುಕೊಳ್ಳಲು ಮೊಲೆಯ ಕೋಶಗಳ ಮೇಲೆ ಒಂದು ಪ್ರೋಟೀನ್ ಇರುತ್ತದೆ. ಗ್ರಾಹಕ ಅಂತ ಹೆಸರು. ಅದು ಹಿಡಿದರೆ, ಒಳಗಿನ ಪ್ರೋಟೀನುಗಳು ಒಂದರಿಂದ ಒಂದಕ್ಕೆ ಸುದ್ದಿ ಮುಟ್ಟಿಸುತ್ತವೆ. ಕೋಶ ಹಿಂಡುತ್ತದೆ, ಹಾಲು ಇಳಿಯುತ್ತದೆ. ಈ ಇಲಿಯ ಮೊಲೆಯಲ್ಲಿ ಗ್ರಾಹಕವಿಲ್ಲ. ಸಂದೇಶ ಬರುತ್ತಲೇ ಇದೆ, ತೆಗೆದುಕೊಳ್ಳುವವರಿಲ್ಲ."

"ಯಾಕಿಲ್ಲ?"

"ನಾವು ತೆಗೆದೆವು."

"ಮೊದಲೇ ಹೇಳಬಹುದಿತ್ತು, ಮೇಡಂ."

"ಹೇಳಿದ್ದರೆ ನೀನು ಬರೆಯುತ್ತಿದ್ದದ್ದು ನನ್ನ ಮಾತನ್ನು."

"ಈ ಮರಿಗಳನ್ನು ಏನು ಮಾಡಲಿ?"

"ನಾಲ್ಕನೆಯ ಪಂಜರದ ಇಲಿಯೂ ನಿನ್ನೆಯೇ ಮರಿ ಹಾಕಿದೆ. ಅದರ ಗೂಡಿಗೆ ಹಾಸಿದ ಮರದ ಹೊಟ್ಟನ್ನು ಇವುಗಳ ಮೈಗೆ ಸವರಿ ಅಲ್ಲಿ ಬಿಡು. ತನ್ನ ವಾಸನೆ ಬಂದರೆ ಸೇರಿಸಿಕೊಳ್ಳುತ್ತದೆ."

ಅವನು ಹಾಗೆಯೇ ಮಾಡಿದ. ಸಂಜೆಗೆ ನಾಲ್ಕು ಮರಿಗಳ ಹೊಟ್ಟೆಯಲ್ಲಿ ಬಿಳುಪು ಕಂಡಿತು. ಐದನೆಯದು ಉಳಿಯಲಿಲ್ಲ.

ಇಂದುಧರ ಪುಸ್ತಕ ತೆರೆದು, ಬೆಳಿಗ್ಗೆ ಬರೆದ ಹಾಳೆಯನ್ನು ಹರಿಯಲು ಹೋದ.

"ಹರಿಯಬೇಡ," ಎಂದರು ಗುರು. "ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆ. ಕೆಳಗೆ ಕಂಡದ್ದನ್ನು ಬರೆ."

ಅವನು ಗೆರೆ ಎಳೆದು ಹನ್ನೊಂದನೆಯ ಪಂಜರದತ್ತ ತಿರುಗಿದ. ತಾಯಿ ಇಲಿ ಒಂದು ಮೂಲೆಯ ಹೊಟ್ಟನ್ನು ಕೆದರಿತು. ಇನ್ನೊಂದು ಮೂಲೆಗೆ ಹೋಗಿ ಅಲ್ಲಿಯೂ ಕೆದರಿತು. ನಿಂತು ಮೂಗೆತ್ತಿ ಮೂಸಿತು. ಮತ್ತೆ ಮೊದಲಿನ ಮೂಲೆಗೆ ಬಂತು.

"ಮೇಡಂ, ಹುಡುಕುತ್ತಿದೆ. ಮಮತೆಗೋ, ಮೊಲೆಯ ಭಾರಕ್ಕೋ? ಕಾರಣ ಏನೆಂದು ಬರೆಯಲಿ?"

ವಾರಿಜಾಕ್ಷಿ ಬಗ್ಗಿ ಬಹಳ ಹೊತ್ತು ಪಂಜರವನ್ನು ನೋಡಿದರು.

"ಹುಡುಕುತ್ತಿದೆ ಎಂದು ಬರೆ. ಕಾರಣಕ್ಕೆ ಜಾಗ ಬಿಡು."