ಶೆಟ್ಟರ ಬದಲಿಗೆ ತಕ್ಕಡಿ

"ಏಳು ಕೆರೆ ನೀರು ಕುಡಿದವನು ನಾನು. ಒಂದು ಚೀಟಿಗೆ ಹೆದರುತ್ತೇನೆಯೇ? ಹೀಗೆ ಹೋಗಿ ಹಾಗೆ ಬಂದೆ ನೋಡು!" ಎಂದು ಹೆಂಡತಿಯೆದುರು ಮೀಸೆ ತಿರುವಿ ಹೊರಟ ಪದುಮಶೆಟ್ಟಿ ಮಧ್ಯಾಹ್ನ ಮನೆಗೆ ಬಂದಾಗ ಅವನ ಮೀಸೆ ಇಳಿಬಿದ್ದಿತ್ತು.

ಸಾಲಿಗೆರೆ ಬಂದರಿನಲ್ಲಿ ಶೆಟ್ಟಿಯ ಮೆಣಸಿನ ಅಂಗಡಿ ದೊಡ್ಡದು. ಆದರೆ ಅವನು ಹೊಳೆಯಾಚೆಯ ಸೀಮೆಯವನು. ಪರಸ್ಥಳದವರು ಅಲ್ಲಿ ವಾಸವಿರಬೇಕಾದರೆ ಅರಮನೆಯ ನೆಲೆಚೀಟಿ ಬೇಕು, ವರ್ಷಕ್ಕೊಮ್ಮೆ ಹೊಸದಾಗಿ ಮುದ್ರೆ ಒತ್ತಿಸಬೇಕು. ಚೀಟಿ ತಪ್ಪಿತೋ, ಅಂಗಡಿ ಅರಮನೆಗೆ, ಸಂಸಾರ ಕೋಟೆಯಾಚೆಗೆ.

ಈಗ ಕಡಲಾಚೆಯ ಹುರ್ಮುಜ್ ಬಂದರಿನಿಂದ ಸುದ್ದಿ ಬಂದಿತ್ತು. ಮೆಣಸು ಮಾರಲು ಹೋದ ಮೈದುನ ಅಲ್ಲಿಯ ವರ್ತಕರೊಡನೆ ಜಗಳಕ್ಕೆ ಬಿದ್ದು ಸೆರೆಯಲ್ಲಿ ಕೂತಿದ್ದ. ಧಣಿಯೇ ಬಂದು ಬಿಡಿಸಿಕೊಳ್ಳಬೇಕಂತೆ. ಮೈದುನನೊಬ್ಬನೇ ಆಗಿದ್ದರೆ ಶೆಟ್ಟಿ ಮುಂದಿನ ವರ್ಷ ಹಡಗಿಗೆ ಗಾಳಿ ಕೂಡಿಬರುವ ತನಕ ಕಾಯುತ್ತಿದ್ದನೋ ಏನೋ. ಮೆಣಸಿನ ಮೂಟೆಗಳೂ ಅವನ ಜೊತೆ ಸಿಕ್ಕಿಬಿದ್ದಿದ್ದವು. ಹಡಗು ನಾಳೆ ಹೊರಡುವುದು. ಚೀಟಿ ಮುಗಿಯುವುದು ಅವನು ನಡುಗಡಲಲ್ಲಿರುವಾಗ. ಹೊರಡುವ ಮುಂಚೆಯೇ ಹೊಸ ಮುದ್ರೆ ಬೀಳಬೇಕಿತ್ತು.

"ಚಾವಡಿಯಲ್ಲಿ ಏನಂದರು?" ಎಂದಳು ಹೆಂಡತಿ ಬೊಮ್ಮವ್ವ.

"ಆ ಅಧಿಕಾರಿ ನರಸಣ್ಣಯ್ಯ ಇದ್ದಾನಲ್ಲ, 'ನೆಲೆಚೀಟಿ ನೆಲೆಸಿರುವವನಿಗೆ. ನೀವು ಹೊರಟವರು. ನಿಮಗೇಕೆ?' ಅಂದ. 'ಸರಿ, ಹೋಗುವುದಿಲ್ಲ' ಅಂದೆ. 'ಹಾಗಾದರೆ ಅವಸರವೇನು? ಮುಗಿದ ಮೇಲೆ ಬನ್ನಿ' ಅಂದ."

"ನೀವೇನಂದಿರಿ?"

"ನಾನೇನನ್ನಲಿ? ಕೊಂಡುಹೋಗಿದ್ದ ಏಲಕ್ಕಿ ಗಂಟು ಮುಂದಿಟ್ಟೆ. ಬಿಚ್ಚಿ, ಮೂಸಿ, 'ಹಳೇ ಮಾಲು' ಅಂತ ವಾಪಸು ಕೊಟ್ಟ."

"ಒಳ್ಳೆಯದನ್ನು ಒಯ್ಯಬಾರದಿತ್ತೇ?"

"ಲಂಚಕ್ಕೆ ಯಾರಾದರೂ ಒಳ್ಳೇ ಮಾಲು ಕೊಡುತ್ತಾರೇನೇ!"

ಬೊಮ್ಮವ್ವ ಹಣೆ ಬಡಿದುಕೊಂಡು, "ಕೋನಪ್ಪನವರ ಹತ್ತಿರ ಹೋಗಿ" ಎಂದಳು. ಕೋನಪ್ಪ ಅರಸನ ಆಸ್ಥಾನದ ಮಾತುಗಾರ. ಅರಸನನ್ನು ನಗಿಸುವುದೇ ಅವನ ಉದ್ಯೋಗ.

ಶೆಟ್ಟಿ ಹೇಳಿದ್ದನ್ನೆಲ್ಲ ಕೇಳಿ ಕೋನಪ್ಪ ಗಡ್ಡ ಕೆರೆದುಕೊಂಡ. "ನಾಳೆ ಬೆಳಗ್ಗೆ ಪ್ರಭುಗಳು ಬೇಟೆಗೆ ಹೊರಡುತ್ತಾರೆ. ಅರಮನೆಗೆ ಬನ್ನಿ. ಅಂಗಡಿಯ ತಕ್ಕಡಿ ತನ್ನಿ, ಬಾಯಿ ಮಾತ್ರ ತರಬೇಡಿ."

ಬೆಳಗಾಯಿತು. ಆ ಊರಿನ ಪದ್ಧತಿಯಂತೆ, ಅರಸ ಸೋಮಭೂಪ ಊರು ಬಿಡುವ ಮುಂಚೆ ತನ್ನ ಖಡ್ಗವನ್ನು ಸಿಂಹಾಸನದ ಮೇಲಿಟ್ಟ. ಎಲ್ಲರೂ ಖಡ್ಗಕ್ಕೆ ಕೈಮುಗಿದರು. ಶೆಟ್ಟಿ ತಕ್ಕಡಿಯನ್ನು ಮಗುವಿನಂತೆ ಅವುಚಿಕೊಂಡು ಕಂಬದ ಮರೆಯಲ್ಲಿ ನಿಂತಿದ್ದ. ಅಷ್ಟರಲ್ಲಿ ಕೋನಪ್ಪ ನೇರವಾಗಿ ಹೋಗಿ ಸಿಂಹಾಸನದ ತುದಿಯಲ್ಲಿ ಕೂರಲು ನೋಡಿದ!

"ಎಲವೋ! ತಲೆ ಬೇಡವಾಯಿತೇ?" ಅರಸ ಗುಡುಗಿದ.

"ಖಾಲಿ ಇತ್ತಲ್ಲ ಪ್ರಭು, ಕಾಲು ನೋಯುತ್ತಿತ್ತು."

"ಖಾಲಿಯೇ? ಅಲ್ಲಿ ನನ್ನ ಖಡ್ಗವಿದೆ. ಅದಿರುವ ತನಕ ನಾನು ಎಲ್ಲಿಗೆ ಹೋದರೂ ಇಲ್ಲೇ ಇದ್ದ ಹಾಗೆ!"

"ಹೌದೇ?" ಕೋನಪ್ಪ ಕಣ್ಣರಳಿಸಿದ. "ಹೊರಟವನಿಗೆ ನೆಲೆಯಿಲ್ಲ ಅಂತ ನರಸಣ್ಣಯ್ಯನವರು ಚಾವಡಿಯಲ್ಲಿ ಹೇಳುತ್ತಿದ್ದರು. ಪ್ರಭುಗಳಿಗೂ ಇನ್ನು ಊರಲ್ಲಿ ಜಾಗವಿಲ್ಲವೇನೋ ಅಂತ ಹೆದರಿಬಿಟ್ಟೆ."

ನರಸಣ್ಣಯ್ಯನ ಮುಖ ಬಿಳಿಚಿತು. "ಪ್ರಭುಗಳ ಮಾತು ಬೇರೆ! ನಾನು ಹೇಳಿದ್ದು ಮೆಣಸಿನ ಶೆಟ್ಟರಿಗೆ."

"ಅವರೂ ಗದ್ದಿಗೆ ಖಾಲಿ ಬಿಟ್ಟು ಹೊರಟಿಲ್ಲ ಸ್ವಾಮಿ. ಅರಸನಿಗೆ ಖಡ್ಗ, ವ್ಯಾಪಾರಿಗೆ ತಕ್ಕಡಿ. ಶೆಟ್ಟರು ಹಡಗಿನಲ್ಲಿದ್ದರೂ ತಕ್ಕಡಿ ಅಂಗಡಿಯ ಗದ್ದಿಗೆಯ ಮೇಲೆ ಕೂತಿರುತ್ತದೆ. ಬನ್ನಿ ಶೆಟ್ಟರೇ, ನಿಮ್ಮನ್ನು ಪ್ರಭುಗಳಿಗೆ ತೋರಿಸಿ."

ಶೆಟ್ಟಿ ಜಂಭದಿಂದ ಮುಂದೆ ಬಂದು ತಕ್ಕಡಿಯನ್ನು ಎತ್ತಿ ಹಿಡಿದ.

ಸಭೆ ನೋಡಿತು. ಎರಡೂ ತಟ್ಟೆ ಖಾಲಿ. ಆದರೂ ಒಂದು ಕೆಳಗೆ, ಒಂದು ಮೇಲೆ.

ಮಾಲು ಹಾಕುವ ತಟ್ಟೆಯ ಅಡಿಯಲ್ಲಿ ಅಂಟಿಸಿದ್ದ ಹುಣಸೆಹಣ್ಣನ್ನು ಅವಸರದಲ್ಲಿ ಕೀಳುವುದನ್ನೇ ಶೆಟ್ಟಿ ಮರೆತಿದ್ದ! ಇಡೀ ಬಂದರಿಗೆ ಟೋಪಿ ಹಾಕಿದವನು ಅರಸನೆದುರು ತಾನೇ ಬಂದು ತನ್ನ ಬಂಡವಾಳ ತೂಗಿ ತೋರಿಸಿದ್ದ.

ನರಸಣ್ಣಯ್ಯ ಹಾರಿ ಬಂದು ತಟ್ಟೆ ಮಗುಚಿದ. "ನೋಡಿ ಪ್ರಭು, ಮೋಸದ ತಕ್ಕಡಿ! ಇದನ್ನು ಇವರ ಬದಲಿಗೆ ಹೇಗೆ ಒಪ್ಪುವುದು?"

ಅರಸ ಹುಬ್ಬೇರಿಸಿದ. "ಏನೋ ಕೋನಪ್ಪ, ಇದಕ್ಕೇನು ಹೇಳುತ್ತೀ?"

ಕೋನಪ್ಪ ತಕ್ಕಡಿಯನ್ನು ನೋಡಿದ. ಶೆಟ್ಟಿಯನ್ನು ನೋಡಿದ. ಮತ್ತೆ ತಕ್ಕಡಿಯನ್ನು ನೋಡಿದ.

"ಮಹಾಪ್ರಭು, ಇದು ನೆಟ್ಟಗೆ ನಿಂತಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಶೆಟ್ಟರ ಬದಲಿಗೆ ಕೂರುವುದು ಶೆಟ್ಟರ ಹಾಗೇ ಇರಬೇಡವೇ?"

ಅರಸ ಬಿದ್ದುಬಿದ್ದು ನಕ್ಕ. ನಗುವಿನ ನಡುವೆಯೇ ಚೀಟಿಗೆ ಮುದ್ರೆ ಒತ್ತಿಸಿದ. ಕೋನಪ್ಪನ ಕೊರಳಿಗೆ ತನ್ನ ಸರ ಹಾಕಿ, "ಶೆಟ್ಟರು ಹೋಗಿ ಬರಲಿ, ತಕ್ಕಡಿ ಅಂಗಡಿಯಲ್ಲಿರಲಿ. ಹುಣಸೆಹಣ್ಣು ಮಾತ್ರ ಕೋಟೆಯಾಚೆಗೆ ಹೋಗಲಿ. ಅದಕ್ಕೆ ನೆಲೆಚೀಟಿ ಇಲ್ಲ" ಎಂದ.

ಶೆಟ್ಟಿ ಹಡಗು ಹತ್ತಿದ. ಮೈದುನನನ್ನೂ ಮೂಟೆಗಳನ್ನೂ ಬಿಡಿಸಿಕೊಂಡು ಗಾಳಿ ತಿರುಗಿದಾಗ ಮರಳಿದ. ಬಂದು ನೋಡುತ್ತಾನೆ, ಅಂಗಡಿಯ ಮುಂದೆ ಜಾತ್ರೆಯಂತೆ ಜನ. ಬೊಮ್ಮವ್ವ ನೆಟ್ಟಗಿನ ತಕ್ಕಡಿಯಲ್ಲಿ ತೂಗಿ ತೂಗಿ ಸುಸ್ತಾಗಿದ್ದಳು.

ಶೆಟ್ಟಿ ಗದ್ದಿಗೆಯ ಮೇಲೆ ಕೂತದ್ದೇ ತಡ, ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಚೀಲ ಮಡಚಿಕೊಳ್ಳುತ್ತ ಕೇಳಿದಳು: "ಬಂದುಬಿಟ್ಟಿರಾ ಶೆಟ್ಟರೇ? ಮತ್ತೆ ಯಾವಾಗ ಪ್ರಯಾಣ?"