ಎಂಟು ಸೊನ್ನೆ ಎಂಟು ಸೊನ್ನೆ ಬಾಗಿಲು

ಕಥೆ ಕೇಳೋರು ಕಿವಿ ಕೊಡಿ. ಕಿವಿ ಕೊಡದಿದ್ದರೆ ಮೂಗು ಕೊಡಿ, ಹಿಂಡ್ತೀನಿ.

ಕೆಂಚಕ್ಕ ಅಂತ ಒಂದು ಕೋಳಿ. ಅವಳದ್ದು ಕಂಪ್ಯೂಟರಿನಲ್ಲಿ ಒಂದು ಪುಟ. ಮರಿ ಬಂದಾಗೆಲ್ಲ ಕೊಕ್ಕಿನಿಂದ ಕುಟ್ಟಿ ಕುಟ್ಟಿ ಬರೀತಿದ್ದಳು. ಮರಿ ಒಂದು. ಮರಿ ಎರಡು. ಹೊಳೆಯಾಚೆ ಅಜ್ಜಿಕೋಳಿ ಮೊಬೈಲಲ್ಲಿ ನೋಡಿ ಕುಣೀತಿದ್ದಳು.

ಪಕ್ಕದಲ್ಲಿ ಬಿಳಿಯವ್ವ ಅಂತ ಬಾತುಕೋಳಿ. ಅವಳ ಪುಟ ಭಾರೀ. ಮರಿ ಬಂದ ಕೂಡಲೇ ಲೆಕ್ಕ ತಾನೇ ಬದಲಾಗ್ತಿತ್ತು.

"ಇನ್ನೂ ಕುಟ್ತಾನೇ ಇದೀಯೇನೇ ಕೆಂಚಿ?" ಅಂದಳು ಬಿಳಿಯವ್ವ.

ಕೆಂಚಕ್ಕನ ಹೊಟ್ಟೆ ಉರೀತು. ಒಳಗೆ ಮೊಟ್ಟೆ ಇದ್ದಿದ್ದರೆ ಆಮ್ಲೆಟ್ಟೇ ಆಗ್ತಿತ್ತು.

ಓಡಿದಳು. ಹೊಸ ಸರ್ವರ್ ತಂದಳು. ಸರ್ವರ್ ಅಂದರೆ ಕೇಳಿದವರಿಗೆ ಪುಟ ಕೊಡೋನು. ಜೊತೆಗೆ ಚೌಕಟ್ಟಮ್ಮನನ್ನೂ ತಂದಳು. ಮರಿ ಬಂದರೆ ಪುಟದ ಲೆಕ್ಕ ತಾನೇ ಬದಲಾಯಿಸೋಳು ಅವಳು. ಇಷ್ಟು ದಿನ ಅಜ್ಜಿಗೆ ಪುಟ ಕೊಡ್ತಿದ್ದ ಹಳೇ ಸರ್ವರ್ ಕೈಯಿಂದ ಪುಟ ಕಿತ್ತುಕೊಂಡಳು. ಚೌಕಟ್ಟಮ್ಮನಿಗೆ ಕೊಟ್ಟಳು. 'ಶುರು' ಗುಂಡಿ ಒತ್ತಿದಳು.

ಪುಟ ಮಾಯ.

ಅಜ್ಜಿ ಫೋನ್ ಮಾಡಿದಳು. "ಕೆಂಚೀ, ಏನೂ ಕಾಣ್ತಿಲ್ಲವಲ್ಲೇ. ಮೂರನೇ ಮರಿ ಬರೋ ಹೊತ್ತು. ನಾನು ನೋಡೋದು ಬೇಡವಾ?"

ಗೂಡಿನಲ್ಲಿ ಮೂರನೇ ಮೊಟ್ಟೆ ಟಿಕ್ ಟಿಕ್ ಅಂತಿತ್ತು.

ಕೆಂಚಕ್ಕ ಪುಟದ ಹತ್ತಿರ ಹೋದಳು.

"ಪುಟವೇ ಪುಟವೇ, ಅಜ್ಜಿಗೆ ಕಾಣು."

"ಕಾಣಲ್ಲ. ಬಿಳಿಯವ್ವನ ಪುಟಕ್ಕೆ ಏಳು ಬಣ್ಣ, ನಂಗೆ ಬರೀ ಹಳದಿ. ಚೌಕಟ್ಟಮ್ಮ ಎತ್ತಿದರೆ ಬರ್ತೀನಿ."

ಚೌಕಟ್ಟಮ್ಮನ ಹತ್ತಿರ ಹೋದಳು.

"ಚೌಕಟ್ಟಮ್ಮ, ಪುಟ ಎತ್ತು. ನೀನು ಎತ್ತದೆ ಪುಟ ಬರಲ್ಲ. ಪುಟ ಬರದೆ ಅಜ್ಜಿ ಮರಿ ನೋಡಲ್ಲ."

"ಎತ್ತಲ್ಲ. ಕೆಲಸ ನಂದು, ಹೆಸರು ಹೊಸ ಸರ್ವರಣ್ಣಂದು. ಮೊದಲು ಅವನು ಎದ್ದು ನಿಲ್ಲಲಿ."

ಹೊಸ ಸರ್ವರಣ್ಣನ ಹತ್ತಿರ ಹೋದಳು.

"ಸರ್ವರಣ್ಣ, ನಿಲ್ಲು. ನೀನು ನಿಲ್ಲದೆ ಚೌಕಟ್ಟಮ್ಮ ಎತ್ತಲ್ಲ. ಚೌಕಟ್ಟಮ್ಮ ಎತ್ತದೆ ಪುಟ ಬರಲ್ಲ. ಪುಟ ಬರದೆ ಅಜ್ಜಿ ಮರಿ ನೋಡಲ್ಲ."

"ಎಲ್ಲಿ ನಿಲ್ಲಲಿ, ನಿನ್ನ ತಲೆ ಮೇಲಾ? ಬಿಳಿಯವ್ವನ ಸರ್ವರ್‌ಗೆ ಬಾಗಿಲಿದೆ. ನಂಗೆಲ್ಲಿದೆ? ಬಾಗಿಲು ದಾರಿ ಬಿಡಲಿ."

ಬಾಗಿಲಿನ ಹತ್ತಿರ ಹೋದಳು. ಕಂಪ್ಯೂಟರಿನಿಂದ ಪುಟ ಹೊರಗೆ ಹೋಗೋ ಬಾಗಿಲು ಅದು, ನಂಬರು ಎಂಟು ಸೊನ್ನೆ ಎಂಟು ಸೊನ್ನೆ. ಅಜ್ಜಿಗೆ ಗೊತ್ತಿದ್ದದ್ದು ಅದೊಂದೇ ಬಾಗಿಲು.

"ಎಂಟು ಸೊನ್ನೆ ಎಂಟು ಸೊನ್ನೆ, ದಾರಿ ಬಿಡು. ನೀನು ಬಿಡದೆ ಸರ್ವರಣ್ಣ ನಿಲ್ಲಲ್ಲ. ಸರ್ವರಣ್ಣ ನಿಲ್ಲದೆ ಚೌಕಟ್ಟಮ್ಮ ಎತ್ತಲ್ಲ. ಚೌಕಟ್ಟಮ್ಮ ಎತ್ತದೆ ಪುಟ ಬರಲ್ಲ. ಪುಟ ಬರದೆ ಅಜ್ಜಿ ಮರಿ ನೋಡಲ್ಲ."

"ಹೆಂಗೆ ಬಿಡಲಿ? ಒಂದು ಬಾಗಿಲಿಗೆ ಒಬ್ಬನೇ. ಇಣುಕಿ ನೋಡು, ಒಬ್ಬ ಆಗಲೇ ಕೂತಿದಾನೆ."

ಇಣುಕಿದಳು. ಹಳೇ ಸರ್ವರ್. ಕಾಲು ಮೇಲೆ ಕಾಲು. ಕೈ ಖಾಲಿ.

"ನೀನಿನ್ನೂ ಹೋಗಿಲ್ವಾ?"

"ಹೋಗು ಅಂತ ಯಾರು ಹೇಳಿದ್ರು? ನೀನು ಶುರು ಅಂದೆ, ನಾನು ಕೂತೆ. ನಿಲ್ಲಿಸು ಅನ್ನಲೇ ಇಲ್ಲ. ಹೊಸಬನಿಗೆ ಚೌಕಟ್ಟಮ್ಮ, ಹೊಸಬನಿಗೆ ಪುಟ. ನಂಗೆ ನೊಣ."

"ಏಳಪ್ಪಾ. ನೀನು ಏಳದೆ ಬಾಗಿಲು ದಾರಿ ಬಿಡಲ್ಲ. ಬಾಗಿಲು ಬಿಡದೆ ಸರ್ವರಣ್ಣ ನಿಲ್ಲಲ್ಲ. ಸರ್ವರಣ್ಣ ನಿಲ್ಲದೆ ಚೌಕಟ್ಟಮ್ಮ ಎತ್ತಲ್ಲ. ಚೌಕಟ್ಟಮ್ಮ ಎತ್ತದೆ ಪುಟ ಬರಲ್ಲ. ಪುಟ ಬರದೆ ಅಜ್ಜಿ ಮರಿ ನೋಡಲ್ಲ."

ಹಳೇ ಸರ್ವರ್ ಮುಖ ತಿರುಗಿಸಿದ.

ಕೆಂಚಕ್ಕ ನೋಡಿದಳು. ಇವನ ಹೊಟ್ಟೆಯೂ ಉರೀತಿದೆ. ಥೇಟ್ ತನ್ನ ಹೊಟ್ಟೆ ಹಾಗೇ.

ಪಕ್ಕದಲ್ಲಿ ಕೂತಳು. ಮೆಲ್ಲಗೆ ಹೇಳಿದಳು.

"ಒಂದನೇ ಮರಿ ತೋರಿಸಿದ್ದು ನೀನು. ಎರಡನೇ ಮರಿ ತೋರಿಸಿದ್ದೂ ನೀನು. ಹೇಳದೆ ಕಿತ್ತುಕೊಂಡಿದ್ದು ನನ್ನ ತಪ್ಪು. ಸುಸ್ತಾಗಿದೀಯ ಮಾರಾಯ, ಮಲಗು."

'ನಿಲ್ಲಿಸು' ಗುಂಡಿ ಒತ್ತಿದಳು.

"ಇಷ್ಟು ಹೇಳೋಕೆ ಇಷ್ಟು ಹೊತ್ತಾ?" ಅಂದ. ಆಕಳಿಸಿದ.

ಹಳೇ ಸರ್ವರ್ ಎದ್ದ. ಬಾಗಿಲು ದಾರಿ ಬಿಡ್ತು. ಕೆಂಚಕ್ಕ ಮತ್ತೆ 'ಶುರು' ಒತ್ತಿದಳು. ಸರ್ವರಣ್ಣ ನಿಂತ. ಚೌಕಟ್ಟಮ್ಮ ಎತ್ತಿದಳು. ಪುಟ ಬಂತು.

ಟಿಕ್. ಟಿಕ್. ಟಪ್. ಮೊಟ್ಟೆ ಒಡೀತು. ಯಾರೂ ಕುಟ್ಟಲಿಲ್ಲ. ಪುಟದಲ್ಲಿ ಮರಿ ಎರಡು ಅಂತಿದ್ದದ್ದು ತಾನೇ ಮರಿ ಮೂರು ಆಯ್ತು.

ಬಿಳಿಯವ್ವನ ಕೊಕ್ಕು ತೆರೆದದ್ದು ಮುಚ್ಚಲಿಲ್ಲ.

ಹೊಳೆಯಾಚೆ ಅಜ್ಜಿ ಕುಣಿದಳು. ಕುಣಿದು ಕುಣಿದು ಹೊಳೆಗೇ ಬಿದ್ದಳು. ಮೊಬೈಲು ಮಾತ್ರ ಮೇಲೆತ್ತಿ ಹಿಡಿದಿದ್ದಳು. ಮರಿ ನೋಡ್ತಾನೇ ಇದ್ದಳು.