ಒಂದೆಳೆ ನೂಲಿನ ಕೂಸು

"ಗುರುಗಳೇ, ಮಕ್ಕಳ ಕೈಗೆ ಕೊಟ್ಟ ಸಾಮಾನು ಯಾವುದೂ ಉಳಿಯುತ್ತಿಲ್ಲ. ತಕ್ಕಡಿಯ ದಂಡ ಮುರಿಯಿತು. ಮಣಿಚೌಕಟ್ಟಿನ ತಂತಿ ಕಿತ್ತುಬಂತು. ಇನ್ನು ಮೇಲೆ ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು, ಪಾಠದ ಹೊತ್ತಿಗೆ ನಾನೇ ಹಿಡಿದು ತೋರಿಸಿದರೆ ಸಾಲದೇ? ನೋಡಿಯೂ ಕಲಿಯಬಹುದಲ್ಲವೇ?"

ಹೀಗೆ ಕೇಳಿದವನು ಅಡವೀಶ. ಮಠದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಷ್ಯ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಸುತ್ತಲಿನ ಹೆರಿಗೆಗಳೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದವು. ವಯಸ್ಸಾದಂತೆ ಅವಳಿಗೊಂದು ಚಿಂತೆ ಹತ್ತಿತು: ತನ್ನ ನಂತರ ಯಾರು? ಮನೆಗೆ ಬಂದ ಸೊಸೆ ಚುರುಕಾಗಿದ್ದಳು. ಅತ್ತೆ ಅವಳನ್ನು ಹೋದಲ್ಲೆಲ್ಲ ಜೊತೆಗೆ ಕರೆದೊಯ್ಯತೊಡಗಿದಳು. ಸೊಸೆ ಬಿಸಿನೀರು ತಂದುಕೊಟ್ಟಳು, ಬಟ್ಟೆ ಮಡಿಸಿಕೊಟ್ಟಳು, ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಯಾವುದಾದ ಮೇಲೆ ಯಾವುದು ಎಂದು ಕೇಳಿದರೆ ಒಂದೂ ತಪ್ಪದೆ ಹೇಳುತ್ತಿದ್ದಳು. ಅತ್ತೆಗೆ ಸಮಾಧಾನವಾಯಿತು.

ಒಂದು ಮನೆಯಲ್ಲಿ ಕೂಸು ಕಾಲು ಮುಂದಾಗಿ ಬಂತು. ಹೆರುವವಳು ಸೋತು ಹಿಂದಕ್ಕೆ ಬೀಳುತ್ತಿದ್ದಳು. ಅತ್ತೆ ಅವಳ ಬೆನ್ನಿಗೆ ಆನಿಕೆಯಾಗಿ ಕುಳಿತು, "ನೀನು ಹಿಡಿ" ಎಂದು ಸೊಸೆಗೆ ಹೇಳಿದಳು. ಪುಟ್ಟ ಪಾದಗಳು ಕೈಗೆ ತಾಕಿದ್ದೇ ಸೊಸೆಗೆ ಕಲಿತದ್ದೆಲ್ಲ ಮರೆತುಹೋಯಿತು. ಬೇಗ ಹೊರಗೆ ಬಂದರೆ ಸಾಕು ಎಂದು ಎಳೆದುಬಿಟ್ಟಳು. ಅತ್ತೆ ಎದ್ದುಬಂದು ಅವಳನ್ನು ಪಕ್ಕಕ್ಕೆ ತಳ್ಳಿ ತಾನೇ ಹಿಡಿದಳು. ಕೂಸು ಉಳಿಯಿತು. ಆದರೆ ಅದರ ಒಂದು ತೋಳು ಬಹಳ ಕಾಲ ಮೇಲೇಳಲಿಲ್ಲ.

ಸೊಸೆ ಊಟ ಬಿಟ್ಟು ಮೂಲೆ ಹಿಡಿದಳು. "ಈ ಕೆಲಸ ನನ್ನಿಂದಾಗದು ಅತ್ತೆ. ಎಲ್ಲ ನನಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ" ಎಂದಳು.

ಅತ್ತೆ ಬೈಯಲಿಲ್ಲ. ತಪ್ಪು ಸೊಸೆಯ ಕೈಯದಲ್ಲ ಎಂದು ಅವಳಿಗೆ ಹೊಳೆದಿತ್ತು. ಆ ಕೈಗೆ ಕಲಿಯಲು ಇಷ್ಟು ದಿನ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಹಾಗೆಂದು ಜೀವವಿರುವ ಕೂಸನ್ನು ಕೊಟ್ಟು ಕೈ ಪಳಗಿಸುವಂತೆಯೂ ಇರಲಿಲ್ಲ.

ಮರುದಿನ ಅವಳು ಹಳೆಯ ಸೀರೆ ಹರಿದು, ತೌಡು ತುಂಬಿ, ಕೈಕಾಲಿರುವ ಒಂದು ಕೂಸನ್ನು ಹೊಲಿದಳು. ಸುಲಿದ ತೆಂಗಿನಕಾಯಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ತಲೆ ಮಾಡಿದಳು. ತಳವಿಲ್ಲದ ಬುಟ್ಟಿಗೆ ದಪ್ಪ ಕೌದಿ ಬಿಗಿದು, ಕೂಸು ಹಾಯುವಷ್ಟು ಬಾಯಿ ಬಿಟ್ಟಳು. ಎಲ್ಲವನ್ನೂ ಗಟ್ಟಿಯಾಗಿ ಹೊಲಿದವಳು ಕೂಸಿನ ಕತ್ತನ್ನು ಮಾತ್ರ ಒಂದೇ ಎಳೆ ನೂಲಿನಲ್ಲಿ ಹೊಲಿದಳು.

"ಇನ್ನೂ ನಾಲ್ಕು ಎಳೆ ಹಾಕಬಾರದೇ ಅತ್ತೆ? ಹರಿದುಹೋಗುತ್ತದಲ್ಲ" ಎಂದಳು ಸೊಸೆ.

"ಹರಿಯಲಿ ಎಂದೇ ಹೀಗೆ ಹೊಲಿದದ್ದು. ತಲೆ ಕಿತ್ತುಬಂದರೆ ನೀನು ಎಳೆದೆ ಎಂದು ತಿಳಿದುಕೋ. ಮತ್ತೆ ಹೊಲಿ, ಮತ್ತೆ ಹಿಡಿ."

ಅತ್ತೆ ಕೂಸನ್ನು ಒಮ್ಮೆ ನೇರ, ಒಮ್ಮೆ ಅಡ್ಡ, ಒಮ್ಮೆ ಕಾಲು ಮುಂದಾಗಿ ಬುಟ್ಟಿಯೊಳಗೆ ಇಡುತ್ತಿದ್ದಳು. ಸೊಸೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೈಯಿಂದಲೇ ಹುಡುಕಬೇಕು. ಮೊದಮೊದಲು ಪ್ರತಿ ಸಲವೂ ನೂಲು ಹರಿಯಿತು. ಹರಿದಾಗ ಬೆರಳಿಗೆ ಸಣ್ಣದೊಂದು ಅದುರು ತಾಕುತ್ತಿತ್ತು. ಸೊಸೆ ಸೂಜಿ ಹಿಡಿದು ಹೊಲಿಯುವಳು, ಮತ್ತೆ ಹರಿಯುವಳು. ಸೀರೆ ಚಿಂದಿಯಾಯಿತು. ತೌಡು ಅಂಗಳದ ತುಂಬ ಚೆಲ್ಲಿತು. ನೀರಿಗೆ ಬಂದ ಹೆಂಗಸರು ನಿಂತು ನೋಡಿ, "ನಿಮ್ಮ ಸೊಸೆಗೆ ಬೊಂಬೆಯಾಟದ ವಯಸ್ಸು ಇನ್ನೂ ಮುಗಿದಿಲ್ಲ" ಎಂದು ನಕ್ಕರು. ಸೊಸೆಗೆ ನಾಚಿಕೆಯಾಯಿತು. ಅತ್ತೆ ಹೊಸ ಬಟ್ಟೆ ತಂದು ಇನ್ನೊಂದು ಕೂಸನ್ನು ಹೊಲಿದುಕೊಟ್ಟಳು. ದಿನ ಕಳೆದಂತೆ ನೂಲು ಹರಿಯುವುದು ಅಪರೂಪವಾಯಿತು.

ಆ ಮಳೆಗಾಲದಲ್ಲಿ ಅತ್ತೆ ಬಾವಿಕಟ್ಟೆಯ ಮೇಲೆ ಜಾರಿಬಿದ್ದು ಸೊಂಟ ಹಿಡಿದು ಮಲಗಿದಳು. ಒಂದು ಮಧ್ಯಾಹ್ನ ಊರಿನ ಗಾಣಿಗ ಓಡಿಬಂದ. ಅವನ ಹೆಂಡತಿಗೆ ಬೆಳಗಿನಿಂದ ನೋವು. ಅತ್ತೆ ಸೊಸೆಯ ಕಡೆ ಕೈ ತೋರಿಸಿದಳು.

"ಆ ಬೊಂಬೆ ಆಡಿಸುವವಳೇ? ಬೇಡವ್ವ, ನಿನ್ನನ್ನೇ ಹೊತ್ತುಕೊಂಡು ಹೋಗುತ್ತೇನೆ" ಎಂದ ಗಾಣಿಗ.

"ಕೂರಲಾಗದವಳನ್ನು ಹೊತ್ತು ಏನು ಮಾಡುತ್ತೀಯಪ್ಪ? ಹೊತ್ತು ಮೀರುತ್ತಿದೆ. ಅವಳನ್ನು ಕರೆದುಕೊಂಡು ಹೋಗು" ಎಂದಳು ಅತ್ತೆ.

ಸೊಸೆ ಹೋದಳು. ಒಳಗೆ ಹೋಗಿ ಕೈ ತೊಳೆದು ಮುಟ್ಟಿ ನೋಡಿದಳು. ಬೆರಳಿಗೆ ಸಿಕ್ಕಿದ್ದು ಪಾದ.

ಸುತ್ತ ಇದ್ದ ಹೆಂಗಸರು, "ಎಳೆಯೇ, ಎಳೆ! ಉಸಿರು ಕಟ್ಟುತ್ತದೆ!" ಎಂದು ಕೂಗಿದರು. ಸೊಸೆಗೂ ಎಳೆಯಬೇಕೆನಿಸಿತು. ಕೈ ಬಿಗಿಯಿತು. ಅಷ್ಟರಲ್ಲಿ ನೂಲು ಹರಿಯುವಾಗಿನ ಆ ಅದುರು ಬೆರಳಿಗೆ ತಾಕಿದಂತಾಯಿತು. ಕೈ ತಾನಾಗಿ ಸಡಿಲವಾಯಿತು.

"ಯಾರೂ ಕೂಗಬೇಡಿ" ಎಂದಳು. ಹೆರುವವಳಿಗೆ, "ಅಕ್ಕಾ, ನೋವು ಬಂದಾಗ ಮಾತ್ರ ತಿಣುಕು. ನಾನಿದ್ದೇನೆ" ಎಂದಳು. ಕೂಸು ತಾನಾಗಿ ಇಳಿಯುವವರೆಗೆ ಕಾದಳು. ಕೂಸಿನ ಸೊಂಟಕ್ಕೆ ಬಟ್ಟೆ ಸುತ್ತಿ ಆಧಾರ ಕೊಟ್ಟಳು. ಮೆಲ್ಲನೆ ತಿರುಗಿಸಿ ಒಂದು ತೋಳು ಬಿಡಿಸಿದಳು, ಇನ್ನೊಂದು ಬಿಡಿಸಿದಳು. ಕತ್ತಿನ ಹಿಂಬದಿ ಕಾಣಿಸಿದ ಮೇಲೆ ಮೈಯನ್ನು ಮೇಲಕ್ಕೆತ್ತಿದಳು. ತಲೆ ಹೊರಗೆ ಬಂತು.

ಕೂಸು ನೀಲಿಯಾಗಿತ್ತು, ಸದ್ದಿಲ್ಲ. ಸೊಸೆ ಅದರ ಬಾಯಿ ಒರೆಸಿ ಬೆನ್ನು ತಿಕ್ಕಿದಳು, ಮತ್ತೆ ತಿಕ್ಕಿದಳು. ಕೂಸು ಕೈಕಾಲು ಕೊಡವಿ ಕಿಟಾರನೆ ಅತ್ತಿತು. ಎರಡು ತೋಳೂ ಮೇಲೆದ್ದವು. ಹೊರಗೆ ಗಾಣಿಗ ಗೋಡೆಗೊರಗಿದವನು ಹಾಗೇ ಜಾರಿ ನೆಲಕ್ಕೆ ಕುಳಿತು, ಮುಖ ಮುಚ್ಚಿಕೊಂಡು ಅಳತೊಡಗಿದ. ಹೆಂಗಸರು ನಗುತ್ತಲೇ ಕಣ್ಣೊರೆಸಿಕೊಂಡರು.

ಸೊಸೆ ಮನೆಗೆ ಬರುವ ಹೊತ್ತಿಗೆ ಅತ್ತೆ ಬಾಗಿಲನ್ನೇ ನೋಡುತ್ತ ಮಲಗಿದ್ದಳು.

"ತಾಯಿ?"

"ಚೆನ್ನಾಗಿದ್ದಾಳೆ."

"ಕೂಸು?"

"ಅತ್ತಿತು ಅತ್ತೆ" ಎಂದಳು ಸೊಸೆ. ಹಾಗೆನ್ನುತ್ತಲೇ ಅವಳಿಗೂ ಅಳು ಬಂತು. ಅತ್ತೆ ಮಲಗಿದಲ್ಲಿಂದಲೇ ಅವಳ ತಲೆ ಸವರಿದಳು. ಅತ್ತು ಮುಗಿದ ಮೇಲೆ ಸೊಸೆಗೆ ಹಸಿವಾಯಿತು. ಒಲೆ ಹೊತ್ತಿಸಿ ರೊಟ್ಟಿ ಮಾಡಿದಳು. ಇಬ್ಬರೂ ಬಿಸಿಬಿಸಿಯಾಗಿ ತಿಂದರು.

"ಎಳೆಯಬೇಕು ಅನಿಸಲಿಲ್ಲವೇ?" ಎಂದು ಅತ್ತೆ ಕೇಳಿದಳು.

"ಅನಿಸಿತು. ಆದರೆ ಹಾಗೆ ಎಳೆದೆಳೆದು ನಮ್ಮ ಅಂಗಳದಲ್ಲಿ ಎಷ್ಟು ಕೂಸುಗಳನ್ನು ಕಳೆದುಕೊಂಡಿದ್ದೆನಲ್ಲ ಅತ್ತೆ."

ಗುರುಗಳು ಕತೆ ನಿಲ್ಲಿಸಿದರು. ಅಡವೀಶ, ಇನ್ನೇನಾದರೂ ಇದೆಯೇ ಎಂಬಂತೆ ಅವರ ಮುಖ ನೋಡಿದ.

"ಕಲಿಯುವವರು ತಪ್ಪು ಮಾಡಿಯೇ ತೀರುತ್ತಾರೆ ಅಡವೀಶ, ಅದನ್ನು ಎಲ್ಲಿ ಮಾಡಲಿ ಎಂಬುದಷ್ಟೇ ಕಲಿಸುವವನ ಕೈಯಲ್ಲಿದೆ" ಎಂದರು ಗುರುಗಳು.

ಅಡವೀಶ ಎದ್ದುಹೋಗಿ ಮಣಿಚೌಕಟ್ಟಿಗೆ ಹೊಸ ತಂತಿ ಕಟ್ಟತೊಡಗಿದ.